ಎರಡು ಊರಿನ ಜಿರಾಫೆಗಳು

ಗಲ್ಫಿನಲ್ಲಿ ಕೆಲಸ ಮಾಡುವ ಗಂಡನ ಜೊತೆ ಒಂದು ತಿಂಗಳು ಇದ್ದಾಗ ಅಲ್ಲಿಯ ದೊಡ್ಡ ಮೃಗಾಲಯವನ್ನು ನೋಡಿದ್ದೆ. ಪರ್ಕಳಕ್ಕೆ ಮರಳಿದ ಮೇಲೆ ಅತ್ತೆಯ ಜೊತೆ ಹೋಗಿ ಮೈಸೂರಿನದನ್ನೂ ನೋಡಿ ಬಂದೆ. ಒಂದು ದಿನ ಕಾಪುವಿನಿಂದ ಅಕ್ಕ ಫೋನು ಮಾಡಿದಳು.

"ರಜೆಗೆ ನಾವೂ ಗಲ್ಫಿಗೆ ಹೋಗ್ತೇವೆ. ಮಕ್ಕಳಿಗೆ ಜಿರಾಫೆ, ಜೀಬ್ರಾ ತೋರಿಸ್ಲಿಕ್ಕೆ ಅಲ್ಲಿಯ ಮೃಗಾಲಯ ಒಳ್ಳೆಯದೋ, ಮೈಸೂರಿನದೋ?"

"ಗಲ್ಫಿನದ್ದೇ" ಎಂದೆ. ಅಲ್ಲಿ ಆಫ್ರಿಕಾದ ಪ್ರಾಣಿಗಳಿಗೆ ಕಣ್ಣು ಹಾಯುವಷ್ಟು ಬಯಲು ಬಿಟ್ಟಿದ್ದರು. ನಾವು ಬಸ್ಸಿನಲ್ಲಿ ಕುಳಿತೇ ನೋಡಿದ್ದೆವು. ಮೈಸೂರಿನಲ್ಲಿ ಜಿರಾಫೆಯ ಆವರಣ ಅದರ ಮುಂದೆ ಬಹಳ ಚಿಕ್ಕದು.

ಹೇಳಿದ ಮೇಲೆ ನನಗೇ ಅನುಮಾನ ಬಂತು. ಆ ಬಯಲಿನಲ್ಲಿ ನಡೆದಾಡುತ್ತಿದ್ದ ಒಂದು ಜಿರಾಫೆಯೂ ನೆನಪಾಗಲಿಲ್ಲ. ಎಲ್ಲವೂ ಎ.ಸಿ. ಹಾಕಿದ ಕೊಟ್ಟಿಗೆಯ ಬಾಗಿಲಲ್ಲಿ ಒತ್ತೊತ್ತಾಗಿ ನಿಂತಿದ್ದವು. ಮೈಸೂರಿನ ಜಿರಾಫೆ ಮಾತ್ರ ಮರದ ನೆರಳಿನಲ್ಲಿ ಸೊಪ್ಪು ತಿಂದು, ಬೇಲಿಯುದ್ದಕ್ಕೂ ನಡೆದು, ಮತ್ತೆ ತಿರುಗಿ ಬರುತ್ತಿತ್ತು. ಇದನ್ನೂ ಅಕ್ಕನಿಗೆ ಹೇಳಿದೆ.

"ಆಫ್ರಿಕಾದಲ್ಲಿಯೂ ಸೆಕೆ ಉಂಟಲ್ವಾ? ಮತ್ತೆ ಅವಕ್ಕೆ ಎ.ಸಿ. ಎಂತಕ್ಕೆ?" ಎಂದಳು.

"ಹಾಗಾದರೆ ಮೈಸೂರಿನದೇ ಒಳ್ಳೆಯದು. ಅಲ್ಲಿಯ ಜಿರಾಫೆ ಖುಷಿಯಲ್ಲಿ ಓಡಾಡ್ತಿತ್ತು" ಎಂದೆ.

ಪಕ್ಕದಲ್ಲಿ ಅಲಸಂಡೆ ಮುರಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಖುಷಿಯಲ್ಲಿ ಓಡಾಡಿದ್ದೋ, ಹೊರಗೆ ಹೋಗ್ಲಿಕ್ಕೆ ದಾರಿ ಹುಡುಕಿದ್ದೋ, ನಿನಗೆ ಹೇಗೆ ಗೊತ್ತು?"

ಆಗ ನನಗೆ ನೆನಪಾಯಿತು. ಬೇಲಿಯ ಬದಿಯಲ್ಲಿ ಅದರ ಹೆಜ್ಜೆಯಿಂದ ಸವೆದ ದಾರಿಯೊಂದಿತ್ತು. ಅಂದು ಅದು ನನಗೆ ಚೆಂದ ಕಂಡಿತ್ತು.

"ಅಂತೂ ಎಲ್ಲಿಗೆ ಹೋಗ್ಲಿ?" ಎಂದು ಅಕ್ಕ ಮತ್ತೆ ಕೇಳಿದಳು.

"ಎರಡನ್ನೂ ನೋಡು. ನೋಡಿ ನನಗೂ ಹೇಳು" ಎಂದೆ.