ನಮೂನೆಯಲ್ಲಿಲ್ಲದ ಸಂಕಟ

ದೆವ್ವ-ಗಿವ್ವದ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಐದಾರು ವರ್ಷದ ಹಿಂದೆ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ, ಹೆಸರು ಬೇಡ, ತುರ್ತು ಚಿಕಿತ್ಸೆಯ ಬಗ್ಗೆ ಸಂಶೋಧನೆ ನಡೆದಿತ್ತು. ರೋಗಿ ಬಂದದ್ದು ಎಷ್ಟಕ್ಕೆ, ತೊಂದರೆ ಏನು, ಡಾಕ್ಟರು ನೋಡಿದ್ದು ಎಷ್ಟಕ್ಕೆ ಎಂದು ಒಂದು ನಮೂನೆಯಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ನಡುವೆ ಬಾಯಿ ಹಾಕಕೂಡದೆಂದು ಕಟ್ಟಪ್ಪಣೆ. ಬಾಯಿ ಹಾಕಿದರೆ ಸಂಶೋಧನೆ ಕೆಡುತ್ತದಂತೆ!

ಒಂದು ಮಧ್ಯಾಹ್ನ ತಾವರಗೇರಾ ಕಡೆಯ ಹೆಂಗಸೊಬ್ಬಳು ಬೆಂಚಿನ ಮೇಲೆ ಕೂತಿದ್ದಳು. ಮಗಳು ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದಳು. ಹೆಂಗಸಿನ ಪಕ್ಕದಲ್ಲಿ ಹೆಗಲಿಗೆ ಟವೆಲ್ ಹಾಕಿದ ಗಂಡಸೊಬ್ಬನಿದ್ದ.

"ಎದಿನೋವು ಐತೇನವ್ವಾ?" ಎಂದೆ.

"ನೋವಿಲ್ಲಪ್ಪಾ, ಸಂಕಟ ಆಗಾಕತ್ತೈತಿ."

ನರ್ಸಿಗೂ ಹಾಗೇ ಹೇಳಿದ್ದಳು. ನೋವಿಲ್ಲದವರಿಗೆ ಕೊನೆಯ ಪಾಳಿ. ನನ್ನ ನಮೂನೆಯಲ್ಲೂ ಸಂಕಟಕ್ಕೆ ಜಾಗ ಇರಲಿಲ್ಲ. 'ಎದೆನೋವು ಇಲ್ಲ' ಎಂದು ಟಿಕ್ ಹಾಕಿ ಗಂಡನ ಹೆಸರು ಕೇಳಿದೆ. ಆಕೆ ತಲೆ ತಗ್ಗಿಸಿದಳು. ಪಕ್ಕದವನೇ ಹೇಳಿದ: "ಶಿವಪ್ಪ ಅಂತ ಬರಕೋರಿ. ಸಂಕಟ ಅಂದ್ರ ಸಣ್ಣದಲ್ರಿ, ನನಗೂ ಹಿಂಗ ಆಗಿತ್ತು. ಡಾಕ್ಟರಿಗೆ ಒಂದ್ ಮಾತು ಹೇಳ್ರಿ."

ಇವನೇ ಗಂಡನೆಂದುಕೊಂಡು 'ಜೊತೆಗೆ ಬಂದವರು' ಎಂಬಲ್ಲೂ ಅದೇ ಹೆಸರು ಬರೆದೆ. "ನಾವು ಹೇಳಂಗಿಲ್ರಿ, ಪಾಳಿ ಬರ್ಲಿ" ಎಂದೆ.

ಮುಕ್ಕಾಲು ತಾಸಿಗೆ ಆಕೆ ಬೆಂಚಿನ ಮೇಲೇ ವಾಲಿದಳು. ಹೃದಯಾಘಾತ ಎಂದರು. ಒಳಗೆ ಒಯ್ದರೂ ಉಳಿಯಲಿಲ್ಲ. ನಾನು ಸಮಯ ಬರೆದುಕೊಂಡೆ.

ನಮೂನೆಗೆ ಮನೆಯವರ ಸಹಿ ಬೇಕಿತ್ತು. ಟವೆಲಿನವನು ಎಲ್ಲೂ ಕಾಣಲಿಲ್ಲ. ಅಳುತ್ತಿದ್ದ ಮಗಳ ಮುಂದೆ ನಾಚಿಕೆಗೆಟ್ಟು ಹಾಳೆ ಹಿಡಿದು, "ನಿಮ್ಮ ಅಪ್ಪಾರ್ನ ಕರೀರಿ" ಎಂದೆ.

"ಅಪ್ಪ ಎಲ್ಲಿ ಅದಾನ್ರಿ? ಹೋದ ವರ್ಷ ಹಿಂಗ ಸಂಕಟ ಅನಕೋಂತ ತೀರಿಕೊಂಡಾನ್ರಿ." ಹಾಳೆ ನೋಡಿದವಳು ತಟ್ಟನೆ ಅಳು ನಿಲ್ಲಿಸಿದಳು. "ಈ ಹೆಸರು ನಿಮಗ ಯಾರು ಹೇಳಿದ್ರು? ಅವ್ವ ಅಪ್ಪನ ಹೆಸರು ಎಂದೂ ಬಾಯಾಗ ತಂದಾಕಿ ಅಲ್ರಿ."

ನರ್ಸನ್ನು ಕೇಳಿದೆ. ಬೆಂಚಿನ ಮೇಲೆ ಆಕೆಯೊಬ್ಬಳೇ ಇದ್ದಳಂತೆ. ಬೇರೆ ರೋಗಿಯ ಕಡೆಯವನಿರಬೇಕು, ಊರಿನ ಗುರುತಿನವನಿರಬೇಕು ಎಂದು ಏನೇನೋ ಸಮಾಧಾನ ಹೇಳಿಕೊಂಡೆ. ಯಾವುದೂ ಹೊಂದಲಿಲ್ಲ.

ಸತ್ತವನನ್ನು ಜೊತೆಗೆ ಬಂದವನೆಂದು ಬರೆದಿದ್ದೇನೆಂದು ಮೇಲಿನವರು ಬೈದು, ಆ ನಮೂನೆಯನ್ನೇ ತೆಗೆದುಹಾಕಿದರು. ಅವರ ವರದಿಯ ಪ್ರಕಾರ ಆಕೆ ಆಸ್ಪತ್ರೆಗೆ ಬಂದೇ ಇಲ್ಲ.

ಆತ ಯಾರೆಂದು ನನಗೆ ಇಂದಿಗೂ ತಿಳಿಯದು. ಇದ್ದನೋ ಇಲ್ಲವೋ, ಅವನು ನನ್ನನ್ನು ಕೇಳಿಕೊಂಡದ್ದು ಡಾಕ್ಟರಿಗೆ ಒಂದು ಮಾತು ಹೇಳೆಂದಷ್ಟೇ. ಡಾಕ್ಟರ ಕೋಣೆ ನಾನು ನಿಂತಲ್ಲಿಂದ ಹತ್ತು ಹೆಜ್ಜೆ ಇತ್ತು.