ನನ್ನ ಮಿಸ್ಡ್ ಕಾಲು, ಸುಲೋಚನಾಳ ನಂಬರು

ಇಳಕಲ್ಲಿನಲ್ಲಿ ಬೆಳಗಿನ ಬಾಗಲಕೋಟೆ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಬುತ್ತಿ ಗಂಟಿತ್ತು, ಹೊಟ್ಟೆಯಲ್ಲಿ ಕೆಂಡವಿತ್ತು. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕೆಂಡದ ಹೆಸರು ಸುಲೋಚನಾ.

ಸುಲೋಚನಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನಮ್ಮದು ಇಳಕಲ್ ಸೀರೆಯ ವ್ಯಾಪಾರ. ಮೂಲ ಅಂಗಡಿ ಇಳಕಲ್ಲಿನದು, ಅದನ್ನು ನಾನು ನೋಡಿಕೊಳ್ಳುತ್ತಿದ್ದೆ. ಹುನಗುಂದದಲ್ಲಿ, ಬಾದಾಮಿಯಲ್ಲಿ ಚಿಕ್ಕ ಅಂಗಡಿಗಳು. ಬಾಗಲಕೋಟೆಯ ನವನಗರದಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ, ಅದು ಅವಳದು. ಮೊಬೈಲು ಎಲ್ಲರ ಕೈಗೆ ಬರುತ್ತಿದ್ದ ಕಾಲ. ಮೈದುನ ನಾಲ್ಕೂ ಅಂಗಡಿಗಳಿಗೆ ಸೇರಿಸಿ ಒಂದೇ ಫೋನ್ ವ್ಯವಸ್ಥೆ ಹಾಕಿಸಿದ್ದ. ಎಲ್ಲಿಂದ ಮಾಡಿದರೂ ಕರೆ ಬಾಗಲಕೋಟೆಯ ಲೈನಿನಿಂದಲೇ ಹೊರಡುತ್ತಿತ್ತು, ಆ ಕಡೆಯವರ ಮೊಬೈಲಿನಲ್ಲಿ ಬಾಗಲಕೋಟೆಯ ನಂಬರೇ ಮೂಡುತ್ತಿತ್ತು.

ಇದರಿಂದ ಬೇರೆ ಯಾರಿಗೂ ಏನೂ ಆಗಲಿಲ್ಲ, ನನಗೆ ಆಯಿತು. ನಾನು ಗಿರಾಕಿಗಳಿಗೆ ಫೋನ್ ಮಾಡುವವಳಲ್ಲ, ಮಿಸ್ಡ್ ಕಾಲ್ ಕೊಡುವವಳು. ಎರಡು ಸಲ ರಿಂಗಾದರೆ ಇಟ್ಟುಬಿಡುವುದು. ಹೊಸ ಸೀರೆ ಬಂದಿದೆಯೆಂದು ತಿಳಿದು ಅವರೇ ತಿರುಗಿ ಮಾಡುತ್ತಿದ್ದರು. ಈಗ ತಿರುಗಿ ಮಾಡಿದರೆ ಎತ್ತುವವಳು ಸುಲೋಚನಾ! ನಾನು ಇಳಕಲ್ಲಿನಲ್ಲಿ ಕೂತು ಗಾಳ ಹಾಕುವುದು, ಮೀನು ಅವಳ ಬುಟ್ಟಿಗೆ ಬೀಳುವುದು. ಗದಗಿನ ಶಾಂತಕ್ಕನ ಮನೆಯ ಮೂರು ಮದುವೆಯ ಸೀರೆ ನನ್ನ ಕೈಯಿಂದಲೇ ಹೋಗಿದ್ದವು. ಈಗ ಅವಳ ಮೊಮ್ಮಗಳ ಮದುವೆ. ನಾನು ಕೊಟ್ಟ ಮಿಸ್ಡ್ ಕಾಲಿಗೆ ಶಾಂತಕ್ಕ ತಿರುಗಿ ಮಾಡಿ, ಶುಕ್ರವಾರ ಬಾಗಲಕೋಟೆಗೆ ಬರುತ್ತೇನೆಂದು ಸುಲೋಚನಾಳಿಗೆ ಮಾತು ಕೊಟ್ಟುಬಿಟ್ಟಿದ್ದಳು. ನಾನು ಹೊರಟದ್ದು ಬುಧವಾರ.

ಹುನಗುಂದದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಅಲ್ಲಿಯ ಅಂಗಡಿ ನೋಡುವ ನನ್ನ ಅಣ್ಣನ ಮಗ ಮಹಾಂತೇಶ ಕಿಟಕಿಯ ಹತ್ತಿರ ಚಹಾ ತಂದುಕೊಟ್ಟ.

"ನಿನ್ನ ಗಿರಾಕಿಗಳ್ನೂ ಅಕಿ ಎಳಕೊಳ್ಳಾಕತ್ತಾಳೇನೋ?" ಎಂದೆ.

"ಎಳಕೊಳ್ಳಲಿ ಬಿಡತ್ತಿ, ನನಗ ತಲಿನೋವು ಕಡಿಮಿ ಆಗೈತಿ. ನೀ ಎಲ್ಲಿಗೆ ಹೊಂಟಿ?"

"ಜಗಳಕ್ಕ."

"ಹಂಗಾರ ಅಮೀನಗಡದಾಗ ಕರದಂಟ ತಗೊಂಡು ಹೋಗು. ಬರೀಗೈಲೆ ಜಗಳಕ್ಕ ಹೋಗಬಾರದು" ಎಂದು ನಕ್ಕ.

ಅಮೀನಗಡದಲ್ಲಿ ಅರ್ಧ ಕಿಲೋ ಕರದಂಟು ಕೊಂಡೆ. ಅದರಲ್ಲಿ ಎರಡು ತುಂಡು ಬಾಗಲಕೋಟೆ ಬರುವುದರೊಳಗೆ ನಾನೇ ತಿಂದೆ. ಬಿಸಿಲು ಏರುತ್ತಿತ್ತು, ಕಿಟಕಿಯಿಂದ ಬರೀ ಧೂಳು.

ನವನಗರದ ಅಂಗಡಿಯ ಗಾಜಿನ ಬಾಗಿಲು ತಳ್ಳಿದರೆ ಒಳಗೆ ತಂಪೋ ತಂಪು. ಸುಲೋಚನಾ ತಿರುಗುವ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ಸಾಲು ಗುಂಡಿಗಳ ಫೋನು, ಅದರಲ್ಲಿ ಮಿಣಮಿಣ ದೀಪ. ನನ್ನ ಮೇಜಿನ ಮೇಲಿನದಕ್ಕೆ ದೀಪವಿರಲಿಲ್ಲ.

"ಬರ್ರಿ ಅಕ್ಕಾ, ಎಷ್ಟ ಸೊರಗೀರಿ! ಮೊದಲ ಊಟಾ ಮಾಡ್ರಿ."

ನಾನು ಸೊರಗಿರಲಿಲ್ಲ. ಆದರೂ ಉಂಡೆ. ಎಣಗಾಯಿ ಮಾಡಿದ್ದಳು, ಹಾಳಾದ್ದು ರುಚಿಯಾಗಿಯೇ ಇತ್ತು. ಉಂಡು ಕೈತೊಳೆದು ಅವಳ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿ ನೋಡಿದೆ.

"ಸುಲೋಚನಾ, ನಾ ಫೋನ್ ಮಾಡಿದ್ರ ನನ್ನ ನಂಬರ್ ಕಾಣಬೇಕು."

"ಅದರಾಗೇನೈತಕ್ಕಾ, ಎಲ್ಲಾ ಒಂದ ಮನಿ ವ್ಯಾಪಾರ ಅಲ್ಲೇನ್ರಿ?"

"ಒಂದ ಮನಿ ಖರೆ. ಶಾಂತಕ್ಕ ಯಾರ ಬಾಗಲಕ್ಕ ಬರ್ತಾಳ?"

ಅವಳು ನಕ್ಕಳು. "ಅದನ್ನ ತಿದ್ದಾಂವ ಬಾದಾಮಿ ಅಂಗಡ್ಯಾಗ ಅದಾನ್ರಿ. ಹೋಗಿ ಕೇಳ್ರಿ."

ಕರದಂಟು ಅವಳ ಕೈಗಿಟ್ಟು ಬಾದಾಮಿ ಬಸ್ಸು ಹಿಡಿದೆ. ಗುಳೇದಗುಡ್ಡದಲ್ಲಿ ಬಸ್ಸು ನಿಂತಾಗ ಮನೆಮನೆಯ ಮಗ್ಗದ ಸದ್ದು ಕೇಳಿಸುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ಖಣದ ಗಂಟು ಹೊತ್ತು ಹತ್ತಿದರು. ಬೇರೆ ದಿನವಾಗಿದ್ದರೆ ಬಿಚ್ಚಿಸಿ ಬಣ್ಣ ನೋಡುತ್ತಿದ್ದೆ. ಅಂದು ಸುಲೋಚನಾ ಇದಕ್ಕೆ ಅಡ್ಡ ಬಂದರೆ ಏನು ಬೈಯಬೇಕು ಎಂಬುದನ್ನೇ ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಬಾದಾಮಿಯ ಕೆಂಪು ಗುಡ್ಡ ಕಾಣುವಷ್ಟರಲ್ಲಿ ಒಳ್ಳೊಳ್ಳೆಯ ಬೈಗುಳ ಕೂಡಿದ್ದವು.

ಅಂಗಡಿಯಲ್ಲಿ ಹುಬ್ಬಳ್ಳಿಯ ಪ್ರಕಾಶ ಎಂಬ ಫೋನ್ ಜೋಡಿಸುವವನು ಲ್ಯಾಪ್‌ಟಾಪು ತೆರೆದು ಕೂತಿದ್ದ. ನನ್ನ ಇಳಕಲ್ಲಿನ ಹಳೆಯ ನಂಬರು ಹೇಳಿ, "ಇದನ್ನ ಕಾಣೂಹಂಗ ಮಾಡಪಾ" ಎಂದೆ.

"ಮಾಡ್ತೇನ್ರಿ ಆಯಿ, ಆದ್ರ ನಿಲ್ಲೂದಿಲ್ಲ" ಎನ್ನುತ್ತ ಲ್ಯಾಪ್‌ಟಾಪಿನಲ್ಲಿ ಆ ನಂಬರು ಒತ್ತಿದ. ಆಮೇಲೆ ಇಳಕಲ್ಲಿಗೆ ಫೋನ್ ಮಾಡಿ, ನನ್ನ ಅಂಗಡಿಯ ಹುಡುಗನಿಂದ ಅಲ್ಲಿಯ ಫೋನಿನಲ್ಲಿ ತನ್ನ ಮೊಬೈಲಿಗೆ ಮಾಡಿಸಿದ. ಮತ್ತೆ ಬಾಗಲಕೋಟೆಯೇ ಮೂಡಿತು!

"ಅಕಿ ಇದಕ್ಕ ಮಾಟಾ ಮಾಡಿಸ್ಯಾಳೇನೋ?"

"ಮಾಟಾ ಅಲ್ರಿ. ಲೈನ್ ಬಾಗಲಕೋಟಿದು. ಆ ಲೈನಿಗೆ ಕೊಟ್ಟ ನಂಬರ್ ಅಷ್ಟ ಎಕ್ಸ್‌ಚೇಂಜಿನವ್ರು ಒಪ್ಪತಾರ. ಬ್ಯಾರೇದು ಹಾಕಿದ್ರ ಅದನ್ನ ತಗದು ಮುಖ್ಯ ನಂಬರ್ ತೋರಸ್ತಾರ. ಆ ಲೈನಿಗೆ ಕೊಟ್ಟದ್ರಾಗ ಖಾಲಿ ನಂಬರ್ ಅದಾವ್ರಿ. ಒಂದ ನಿಮಗ ಕೊಟ್ರ ನೀವು ಮಾಡಿದಾಗ ಅದ ಕಾಣ್ತೈತಿ, ಅದಕ್ಕ ತಿರುಗಿ ಮಾಡಿದ್ರ ಸೀದಾ ನಿಮ್ಮ ಮೇಜಿನ ಮ್ಯಾಲ ಬಡೀತೈತಿ. ಆದ್ರ ಬಾಗಲಕೋಟಿ ಅಕ್ಕಾರು ಹೂಂ ಅನಬೇಕು."

ಜೋಡಿಸಿದ್ದ ಬೈಗುಳಗಳನ್ನೆಲ್ಲ ನಾಲಿಗೆಯ ತುದಿಗೆ ತಂದು ನಿಂತೆ. ಅವನು ಅವಳಿಗೆ ಫೋನ್ ಹಚ್ಚಿ, ಜೋರಾಗಿ ಕೇಳುವಂತೆ ಇಟ್ಟ.

"ಅಯ್ಯ, ಅಕ್ಕಾಗ ಯಾವ್ದು ಛಂದ ಅನಸ್ತೈತಿ ಅದನ್ನ ಕೊಡ್ರಿ" ಎಂದಳು ಸುಲೋಚನಾ. ಅಷ್ಟೇ. ಒಂದು ಬೈಗುಳವೂ ಖರ್ಚಾಗಲಿಲ್ಲ. ಅವಳು ಬೇಡವೆಂದಿದ್ದರೆ ಎಷ್ಟು ಚೆನ್ನಾಗಿತ್ತು! ಆ ಸಿಟ್ಟಿಗೆ ಇದ್ದುದರಲ್ಲಿ ಎಲ್ಲಕ್ಕಿಂತ ಚೆಂದದ, ಕೊನೆಗೆ ಎರಡು ಏಳು ಇರುವ ನಂಬರನ್ನೇ ಆರಿಸಿಕೊಂಡೆ. ದೀಪ ಹತ್ತುವ ಹೊತ್ತಿಗೆ ಇಳಕಲ್ಲಿನಲ್ಲಿ ಇಳಿದೆ, ಸೊಂಟ ಹಿಡಿದುಕೊಂಡಿತ್ತು, ಮನಸ್ಸು ಮಾತ್ರ ಕುಣಿಯುತ್ತಿತ್ತು.

ಮರುದಿನ ಅಂಗಡಿ ತೆರೆದವಳೇ ಶಾಂತಕ್ಕನಿಗೆ ಮಿಸ್ಡ್ ಕಾಲ್ ಕೊಟ್ಟೆ. ಎರಡು ರಿಂಗು, ಇಟ್ಟೆ. ಸೆರಗು ಸರಿಮಾಡಿಕೊಳ್ಳುವುದರೊಳಗೆ ನನ್ನ ಮೇಜಿನ ಮೇಲೆಯೇ ಫೋನು ಬಡಿಯಿತು.

"ಸುಲೋಚನಾನ ಏನವಾ?"

"ಅಲ್ರಿ ಶಾಂತಕ್ಕಾರ, ನಾ ಇಳಕಲ್ಲಿನ ನೀಲವ್ವ."

"ಓ, ನೀವಾ! ಎರಡ ಸಲ ಬಡದು ಬಿಡೂದು ನಿಮ್ಮ ಕೆಲಸ ಹೌದಲ್ರಿ? ಅಕಿ ಹಂಗ ಮಾಡೂದಿಲ್ಲ ನೋಡ್ರಿ. ನಾ ಮಾಡಿದ ಕೂಡ್ಲೇ 'ಇಡ್ರಿ ಅಕ್ಕಾ, ನಾನ ಮಾಡ್ತೇನಿ' ಅಂತಾಳ. ಮನಿಮಂದಿದೆಲ್ಲಾ ಕೇಳ್ತಾಳ. ನನ್ನ ಮಮ್ಮಗಳ ಹೆಸರು ಸೈತ ಗೊತ್ತೈತಿ ಅಕಿಗೆ."

ಮೂರು ಮದುವೆಗೆ ಸೀರೆ ಕೊಟ್ಟ ನನಗೆ ಅದು ಗೊತ್ತಿರಲಿಲ್ಲ. ನಂಬರು ನನ್ನದಾಗಿತ್ತು, ಶಾಂತಕ್ಕ ಇನ್ನೂ ಅವಳ ಕಡೆಯೇ ಇದ್ದಳು.

"ಇಡ್ರಿ ಶಾಂತಕ್ಕಾರ, ನಾನ ಮಾಡ್ತೇನಿ" ಎಂದೆ.

ಇಟ್ಟು, ತಿರುಗಿ ಹಚ್ಚಿದೆ. ಒಂದು ರಿಂಗಾಯಿತು. ಎರಡಾಯಿತು. ಬಲಗೈ ತಾನಾಗಿಯೇ ಕರೆ ಕಡಿಯುವ ಗುಂಡಿಯ ಕಡೆಗೆ ಹೋಯಿತು. ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಮೂರನೆಯದಕ್ಕೆ ಶಾಂತಕ್ಕ ಎತ್ತಿದಳು.

"ಮಮ್ಮಗಳ ಹೆಸರೇನ್ರಿ?" ಎಂದು ಕೇಳಿದೆ.