ವರ್ಲೀನಳ ಅಡುಗೆಮನೆಯಲ್ಲಿ ಕೊಟ್ಟ ಮಾತು

ಲೆಮ್ಯುಯೆಲ್ ಸ್ಟ್ರಿಕ್ಲೆಂಡ್ ಹುಟ್ಟಿದ್ದು, ಬೆಳೆದದ್ದು, ಮುದುಕನಾದದ್ದು ಎಲ್ಲವೂ ದಕ್ಷಿಣ ಜಾರ್ಜಿಯಾದ ಹಾರ್ಲನ್ ಮಿಲ್ಸ್‌ನಲ್ಲೇ. ಅಪ್ಪ ಗರಗಸದ ಕಾರ್ಖಾನೆಯಲ್ಲಿ ದಿಮ್ಮಿ ಹೊರುತ್ತಿದ್ದ. ಮಗ ಚೆಂಡು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಫುಟ್‌ಬಾಲ್ ಆಡಿ, ಆಟದ ಬಲದ ಮೇಲೆ ಕಾಲೇಜಿಗೆ ಹೋದ. ಮೊದಲ ವರ್ಷವೇ ಮಂಡಿ ಮುರಿಯಿತು. ಕಾಲೇಜಿನವರು ಅವನನ್ನು ಹೊರಗೆ ಹಾಕಲಿಲ್ಲ, ಆದರೆ ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದರು. ಹೇಗೋ ಓದು ಮುಗಿಸಿ ಊರಿಗೆ ಬಂದವರು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾದರು, ಮಧ್ಯಾಹ್ನದ ಮೇಲೆ ಫುಟ್‌ಬಾಲ್ ಕೋಚ್ ಆದರು.

ಅವರ ತಂಡ ವರ್ಷವರ್ಷವೂ ಗೆಲ್ಲುತ್ತಿತ್ತು ಎಂದೇನಲ್ಲ. ಆದರೂ ತಮ್ಮ ತಂಡಗಳಿಗೆ ಹುಡುಗರನ್ನು ಆರಿಸಲು ಬರುವ ವಿಶ್ವವಿದ್ಯಾಲಯದವರು ಅವರ ಕೋಣೆಗೆ ಬಾರದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಸ್ಟ್ರಿಕ್ಲೆಂಡ್ ಒಬ್ಬ ಹುಡುಗನನ್ನು ನಿಧಾನ ಎಂದರೆ ಅವನು ನಿಧಾನವೇ. ಗಟ್ಟಿ ಎಂದರೆ ಕಣ್ಣು ಮುಚ್ಚಿ ಕರೆದುಕೊಂಡು ಹೋಗಬಹುದು. ಅವರು ಮಾತಿಗೆ ಬಣ್ಣ ಬಳಿಯುವವರಲ್ಲ. ಊರಿನ ತಾಯಂದಿರಿಗೂ ಅದು ಗೊತ್ತಿತ್ತು. ದೂರದಿಂದ ಬಂದವರು ಸೋಫಾದ ಮೇಲೆ ಕೂತು ಸ್ವರ್ಗ ತೋರಿಸುತ್ತಿರುವಾಗ ಈ ತಾಯಂದಿರು ನೋಡುತ್ತಿದ್ದದ್ದು ಮೂಲೆಯಲ್ಲಿ ಕೂತ ಕೋಚ್ ಮುಖವನ್ನು.

ಅವರ ಕೈಕೆಳಗೆ ಆಡಿದ ಹುಡುಗರಲ್ಲೆಲ್ಲ ಮನೆಯವನೇ ಆದವನು ಮಾರ್ಲಿನ್ ಪೂಲ್. ತಾಯಿ ತೀರಿಹೋಗಿದ್ದಳು, ತಂದೆ ಇದ್ದೂ ಇಲ್ಲದವನು. ಹದಿನೈದರ ಹುಡುಗ ಒಂದು ಸಂಜೆ ಅಭ್ಯಾಸ ಮುಗಿದ ಮೇಲೂ ಮೈದಾನದಿಂದ ಕದಲದೆ ನಿಂತಿದ್ದ. ಯಾಕೆಂದು ಕೇಳದೆ ಕೋಚ್ ಕಾರಿನ ಬಾಗಿಲು ತೆರೆದರು. ಊಟಕ್ಕೆಂದು ಬಂದವನು ಹೈಸ್ಕೂಲು ಮುಗಿಯುವ ತನಕ ಅಲ್ಲೇ ಉಳಿದ. ಕೋಚ್ ಅವರ ಹೆಂಡತಿ, ಮಕ್ಕಳಿಲ್ಲದ ಒಡೆಸ್ಸಾ ಅವನಿಗೆ ಷರಟು ಇಸ್ತ್ರಿ ಮಾಡುವುದನ್ನು ಕಲಿಸಿದಳು, ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಹೈಸ್ಕೂಲು ಮುಗಿಸಿದ ದಿನದ ಫೋಟೋವನ್ನು ಹಜಾರದಲ್ಲಿ ತೂಗುಹಾಕಿದಳು. ಮಾರ್ಲಿನ್ ಕಾಲೇಜಿನಲ್ಲಿ ಆಡಿದ, ಆಮೇಲೆ ತಾನೂ ಕೋಚ್ ಆದ. ಕೊನೆಗೆ ರಾಜ್ಯದ ಉತ್ತರದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ದಕ್ಷಿಣ ಜಾರ್ಜಿಯಾದ ಹೈಸ್ಕೂಲುಗಳಿಂದ ಹುಡುಗರನ್ನು ಆರಿಸಿ ತರುವುದು ಅವನ ಪಾಲಿಗೆ ಬಂತು.

ಆ ವರ್ಷ ಆರಿಸಿ ತರಬೇಕಾದಂಥ ಹುಡುಗ ಹಾರ್ಲನ್ ಮಿಲ್ಸ್‌ನಲ್ಲೇ ಇದ್ದ. ಹೆಸರು ಜಮಾರಿ ಟಿಸ್ಡೇಲ್. ಬಾಗಿಲಲ್ಲಿ ನಿಂತರೆ ಹೊರಗಿನ ಬೆಳಕು ಒಳಗೆ ಬಾರದಷ್ಟು ದೊಡ್ಡ ಆಳು, ಮಾತು ಮಾತ್ರ ಪಿಸುಗುಟ್ಟಿದಷ್ಟು ಮೆಲ್ಲಗೆ. ಚೆಂಡು ಎಸೆಯುವವನ ಎಡಮಗ್ಗುಲು ಕಾಯುವುದು ಅವನ ಕೆಲಸ. ಎದುರಿನವರು ಅವನನ್ನು ದಾಟಿ ಹೋಗುವುದು ಅಪರೂಪ. ತಾಯಿ ವರ್ಲೀನ್ ಕೋಳಿ ಮಾಂಸದ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವವಳು. ಗಡಿಯಾಚೆ ಅಲಬಾಮಾದ ಒಂದು ವಿಶ್ವವಿದ್ಯಾಲಯ ಬೇಸಿಗೆಯಿಂದಲೇ ಅವನ ಬೆನ್ನು ಬಿದ್ದಿತ್ತು. ಹೋಲ್ಕಂಬ್ ಎಂಬ ಬೊಕ್ಕತಲೆಯ ಕೋಚ್ ಅಲ್ಲಿಂದ ಬಂದು ಹೋಗಿ ಮಾಡುತ್ತಿದ್ದ. ನಯದ ಮಾತು ಬಾರದ ಮನುಷ್ಯ. ಕೂತಷ್ಟು ಹೊತ್ತೂ ಟೋಪಿ ತಿರುವುತ್ತ ಹವಾಮಾನದ ಮಾತಾಡಿ ಎದ್ದು ಹೋಗುತ್ತಿದ್ದ.

ಸೆಪ್ಟೆಂಬರಿನಲ್ಲಿ ಮಾರ್ಲಿನ್ ಬಂದ. ಕೋಚ್ ತಾವೇ ಅವನನ್ನು ವರ್ಲೀನಳ ಮನೆಗೆ ಕರೆದುಕೊಂಡು ಹೋದರು. ಅವಳು ಗಟ್ಟಿ ಸಾರಿನಲ್ಲಿ ಬೇಯಿಸಿದ ಹಂದಿಮಾಂಸ, ಸೊಪ್ಪು, ಜೋಳದ ರೊಟ್ಟಿ ಮಾಡಿದ್ದಳು. ಮಾರ್ಲಿನ್ ಎರಡನೆಯ ಸಲ ಬಡಿಸಿಕೊಂಡು, ಷರಟಿನ ತೋಳು ಮೇಲಕ್ಕೆ ಮಡಚಿ, ಪಾತ್ರೆ ತೊಳೆಯಲು ನಿಂತ.

"ಬಿಡಪ್ಪ, ಅಂಥಾ ಷರಟು ಹಾಕ್ಕೊಂಡು ಸೋಪಲ್ಲಿ ಕೈ ಹಾಕ್ತಾರಾ?" ಎಂದಳು ವರ್ಲೀನ್.

"ಪಾತ್ರೆ ತೊಳೀದೇ ಎದ್ರೆ ಮಿಸ್ ಒಡೆಸ್ಸಾ ನನ್ ಕಿವಿ ಹಿಂಡ್ತಿದ್ರು, ಮೇಡಂ. ಅಭ್ಯಾಸ ಆಗ್ಬಿಟ್ಟಿದೆ."

ಅವಳು ನಕ್ಕಳು. ಆಮೇಲೆ ನೇರವಾಗಿ ಕೇಳಿದಳು: "ನಾಲ್ಕು ವರ್ಷದ ಓದು, ಊಟ, ವಸತಿ ಎಲ್ಲಾ ನಿಮ್ಮದೇ ಅಂತೀರ. ನಾಳೆ ನಿಮಗೆ ಇವನಿಗಿಂತ ಚೆನ್ನಾಗಿರೋನು ಸಿಕ್ಕಿದ್ರೆ?"

"ಜಾಗ ಇವನದೇ, ಮೇಡಂ. ನನ್ ಮಾತು."

ವರ್ಲೀನ್ ಅವನ ಕಡೆ ನೋಡಲೂ ಇಲ್ಲ. "ಇವರ ಮಾತು ಒಂದ್ ಕಡೆ ಇರ್ಲಿ ಕೋಚ್. ನೀವೇನಂತೀರ?"

ಇಷ್ಟು ವರ್ಷಗಳಲ್ಲಿ ಸ್ಟ್ರಿಕ್ಲೆಂಡ್ ಹುಡುಗರ ಪರವಾಗಿ ಮಾತು ಕೊಟ್ಟಿದ್ದರೇ ಹೊರತು ಆರಿಸಲು ಬಂದವರ ಪರವಾಗಿ ಒಮ್ಮೆಯೂ ಕೊಟ್ಟಿರಲಿಲ್ಲ. ಆ ದಿನ ಯೋಚನೆಯನ್ನೇ ಮಾಡಲಿಲ್ಲ. "ಇವನು ನನ್ ಮನೇಲಿ ಬೆಳೆದೋನು ವರ್ಲೀನ್. ಇವನು ಮಾತು ಕೊಟ್ರೆ ನಾನು ಕೊಟ್ಟ ಹಾಗೆ ಅಂದ್ಕೋ."

ಜಮಾರಿ ತಾಯಿಯ ಮುಖ ನೋಡಿ ಆಗಲಿ ಎಂದು ತಲೆಯಾಡಿಸಿದ. ಮಾರನೆಯ ದಿನ ಕೋಚ್ ಹೋಲ್ಕಂಬನಿಗೆ ಫೋನ್ ಮಾಡಿ, ಇನ್ನು ಬಂದು ಕಾಲು ಸವೆಸಬೇಡ ಎಂದರು. ಆತ "ಒಳ್ಳೇ ಹುಡುಗ. ಚೆನ್ನಾಗಿರ್ಲಿ" ಎಂದು ಇಟ್ಟುಬಿಟ್ಟ.

ಅಕ್ಟೋಬರಿನ ಒಂದು ಪಂದ್ಯದಲ್ಲಿ ಜಮಾರಿಯ ಎಡಭುಜ ಕೀಲು ತಪ್ಪಿತು. ಡಾಕ್ಟರು ಕೂರಿಸಿದರು, ಕೆಲವು ವಾರ ವಿಶ್ರಾಂತಿ ಸಾಕು ಎಂದರು. ಎರಡು ಪಂದ್ಯ ಬಿಟ್ಟು ಹುಡುಗ ಮತ್ತೆ ಆಡಿದ. ನೋಡಿದವರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಅದು ಮೊದಲ ಸಲವಲ್ಲ ಎಂದು ಕೋಚ್‌ಗೆ ಗೊತ್ತಿತ್ತು. ಹಿಂದಿನ ವರ್ಷ ಅಭ್ಯಾಸದಲ್ಲೂ ಒಮ್ಮೆ ಜಾರಿತ್ತು. ಆ ವಾರ ಮಾರ್ಲಿನ್ ಫೋನ್ ಮಾಡಿದ.

"ಭುಜ ಹೇಗಿದೆ ಕೋಚ್? ಕೆಲಸದ ಮೇಲೆ ಕೇಳ್ತಿಲ್ಲ. ನಮ್ ಹುಡುಗ ಅಲ್ವಾ, ಅದಕ್ಕೆ."

ಮಗನ ಹತ್ತಿರ ಮುಚ್ಚಿಡುವುದೇನಿದೆ ಎಂದುಕೊಂಡು ಅವರು ಹಿಂದಿನದನ್ನೂ ಹೇಳಿದರು. "ನಮ್ಮಿಬ್ರಲ್ಲೇ ಇರ್ಲಿ. ಅಲ್ಲಿಗೆ ಬಂದ್ಮೇಲೆ ನಿಮ್ಮ ವ್ಯಾಯಾಮದವರು ಸರಿ ಮಾಡ್ಕೊಳ್ತಾರೆ, ನಿಗಾ ಇಡು ಅಂತ ಹೇಳ್ದೆ ಅಷ್ಟೇ."

"ಇದು ನನ್ನಲ್ಲೇ ಇರುತ್ತೆ ಕೋಚ್."

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುವಾರ ಮಾರ್ಲಿನ್ ಮತ್ತೆ ಊರಿಗೆ ಬಂದ. ವರ್ಲೀನಳ ಮನೆಯಲ್ಲಿ ಗೆಣಸಿನ ಸಿಹಿ ಕಡುಬು ತಿಂದ, ಜಮಾರಿಯ ಅಜ್ಜಿಯ ಕೈ ಹಿಡಿದು ಪ್ರಾರ್ಥನೆಗೆ ಕೂತ. ಹೊರಡುವಾಗ ಕೋಚ್ ಮನೆಗೂ ಬಂದು ಒಡೆಸ್ಸಾಳ ಕೆನ್ನೆಗೆ ಮುತ್ತು ಕೊಟ್ಟು ಹೋದ.

ಡಿಸೆಂಬರಿನಲ್ಲಿ ಸಹಿಯ ದಿನ ಬಂತು, ಆಟದ ಹುಡುಗರು ಕಾಲೇಜುಗಳ ಒಪ್ಪಂದಕ್ಕೆ ಸಹಿ ಹಾಕುವ ದಿನ; ಅಲ್ಲಿಯ ತನಕ ಎಲ್ಲವೂ ಬಾಯಿಮಾತು. ಶಾಲೆಯ ಜಿಮ್ನೇಶಿಯಮ್ಮಿನಲ್ಲಿ ಮೇಜು ಹಾಕಿ ಬಟ್ಟೆ ಹೊದಿಸಿದ್ದರು. ಸಾಫ್ಟ್‌ಬಾಲ್ ಆಡುವ ಒಬ್ಬ ಹುಡುಗಿ, ಓಟದ ಒಬ್ಬ ಹುಡುಗ, ಜಮಾರಿ, ಹೀಗೆ ಮೂವರು ಸಹಿ ಹಾಕುವವರಿದ್ದರು. ವರ್ಲೀನ್ ಕಾರ್ಖಾನೆಗೆ ರಜೆ ಹಾಕಿ, ವಿಶ್ವವಿದ್ಯಾಲಯದ ಬಣ್ಣದಲ್ಲಿ ಕೇಕ್ ಮಾಡಿಸಿ ತಂದಿದ್ದಳು. ಜಮಾರಿ ಹೊಸ ಟೈ ಕಟ್ಟಿಕೊಂಡು ಕುತ್ತಿಗೆ ಆಡಿಸಲಾರದೆ ನಿಂತಿದ್ದ. ಬೆಳಿಗ್ಗೆಯೇ ಬರಬೇಕಿದ್ದ ಒಪ್ಪಂದ ಮಾತ್ರ ಬಂದಿರಲಿಲ್ಲ.

ಕೋಚ್ ತಮ್ಮ ಕೋಣೆಗೆ ಹೋಗಿ ಮಾರ್ಲಿನ್‌ಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಬಹಳ ಸಲ ಆದ ಮೇಲೆ ಎತ್ತಿದ.

"ಮಾಡೋಣ ಅಂತಿದ್ದೆ ಕೋಚ್."

"ಜನ ಕೂತಿದ್ದಾರೆ ಮಾರ್ಲಿನ್. ಕಾಗದ ಎಲ್ಲಿ?"

"ಸ್ವಲ್ಪ ತೊಂದ್ರೆ ಆಗಿದೆ. ನಮ್ ಯಜಮಾನ್ರು ಬೇರೆ ಕಾಲೇಜಿಂದ ಒಬ್ಬನ್ನ ತಗೊಂಡ್ರು. ಎರಡು ವರ್ಷ ಆಡಿರೋನು, ಬೆಳೆದ ಆಳು. ಜಾಗ ತುಂಬಿಹೋಯ್ತು. ಜಮಾರಿ ಒಂದು ವರ್ಷ ತಡೀಲಿ, ಊರಲ್ಲೇ ತನ್ನ ಖರ್ಚಲ್ಲಿ ಓದ್ಕೊಂಡಿರ್ಲಿ. ಆಮೇಲೆ ನೋಡೋಣ ಅಂದಿದ್ದಾರೆ."

"ನೋಡೋಣ."

"ನಾನು ಹೋರಾಡ್ದೆ ಕೋಚ್, ನಿಜವಾಗ್ಲೂ."

ಸ್ಟ್ರಿಕ್ಲೆಂಡ್ ಕುರ್ಚಿಯಲ್ಲಿ ಕೂತರು. "ನಿನಗೆ ಯಾವಾಗ ಗೊತ್ತಾಯ್ತು?"

"ಅದೆಲ್ಲ ಈಗ ಯಾಕೆ ಕೋಚ್?"

"ಮಾರ್ಲಿನ್, ಆ ಹೆಂಗಸಿನ ಮನೇಲಿ ಕಡುಬು ತಿಂದೆಯಲ್ಲ, ಅವತ್ತು ಗೊತ್ತಿತ್ತಾ?"

"ಹಬ್ಬಕ್ಕೆ ಮುಂಚೇನೇ ಗೊತ್ತಿತ್ತು," ಎಂದ. ಆಮೇಲೆ ಅವಸರದಲ್ಲಿ, "ಆಗ್ಲೇ ಹೇಳಿದ್ರೆ ಅಲಬಾಮಾದವರು ಎತ್ಕೊಂಡು ಹೋಗ್ತಿದ್ರು. ಪ್ರತಿ ವರ್ಷ ಅವರ ತಂಡದಲ್ಲಿ ಅವನು ನಮ್ ಎದುರೇ ನಿಲ್ತಿದ್ದ. ಅವರ ಜಾಗ ತುಂಬೋ ತನಕ ಹಿಡ್ಕೊಂಡಿರು ಅಂತ ಮೇಲಿಂದ ಹೇಳಿದ್ರು. ನಾನೊಬ್ಬ ನೌಕರ ಕೋಚ್, ನನಗೂ ಹೆಂಡತಿ ಮಕ್ಕಳಿದ್ದಾರೆ. ಅಲ್ದೆ ಭುಜದ ವಿಷಯ ಬೇರೆ ಇತ್ತಲ್ಲ. ಎರಡ್ ಸಲ ಜಾರಿರೋ ಭುಜ ಅಂದ್ರೆ ಯಾರ್ ತಗೋತಾರೆ?"

ಎರಡು ಸಲ ಎಂಬುದನ್ನು ಕೋಚ್ ಊರಾಚೆಗೆ ಹೇಳಿದ್ದು ಅವನೊಬ್ಬನಿಗೇ.

"ಅದನ್ನ ನೀನು ಹೇಳ್ದೆ."

"ಕೇಳಿದ್ರು, ಹೇಳ್ದೆ. ಅದು ನನ್ನ ಕೆಲಸ."

ಬೈಯಲು ಬಾಯಿ ತೆರೆದರೆ ಅಳು ಬರುತ್ತದೆಂದು ಕೋಚ್‌ಗೆ ಹೆದರಿಕೆ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಜಿಮ್ನೇಶಿಯಮ್ಮಿಗೆ ಬಂದು ವರ್ಲೀನಳನ್ನು ಪಕ್ಕದ ಕಸರತ್ತಿನ ಕೋಣೆಗೆ ಕರೆದರು. ಒಂದೂ ಬಿಡದೆ ಹೇಳಿದರು, ಭುಜದ ಮಾತು ತಮ್ಮ ಬಾಯಿಂದಲೇ ಹೋಯಿತು ಎನ್ನುವುದನ್ನೂ.

ಅವಳು ಕೊನೆಯ ತನಕ ಕೇಳಿಸಿಕೊಂಡಳು. ಕಾರ್ಖಾನೆಯ ಕೆಲಸದಿಂದ ಸೊಟ್ಟಗಾದ ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡಳು. "ಆ ಹುಡುಗ ನನಗೆ ಮೋಸ ಮಾಡಿಲ್ಲ," ಎಂದಳು. "ಅವನು ಯಾರೋ, ನಾನ್ಯಾರೋ. ಅವನನ್ನ ನಾನು ನಂಬಿರ್ಲೂ ಇಲ್ಲ. ನಾನು ಕೇಳಿದ್ದು ನಿಮ್ಮನ್ನ."

"ಹೌದು."

"ಟೋಪಿ ತಿರುವ್ತಾ ಕೂರ್ತಿದ್ದನಲ್ಲ, ಬೋಳ. ಅವನಿಗೆ ಬೇಡ ಅಂತ ಹೇಳಿದ್ದೂ ನೀವೇ."

"ಹೌದು ವರ್ಲೀನ್."

ಹೊರಗೆ ಜಮಾರಿಗೆ ತಾಯಿಯೇ ಹೇಳಿದಳು. ಅವನು ಟೈ ಬಿಚ್ಚಿ ಜೇಬಿನಲ್ಲಿ ತುರುಕಿಕೊಂಡ. ಮನೆಗೆ ಹೋಗೋಣ ಎಂದರೆ ಕೇಳಲಿಲ್ಲ. ಉಳಿದ ಇಬ್ಬರು ಸಹಿ ಹಾಕುವಾಗ ಮೊದಲ ಸಾಲಿನಲ್ಲಿ ಕೂತು, ಅಗಲವಾದ ಕೈಗಳಿಂದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅದನ್ನು ನೋಡಲಾರದೆ ಕೋಚ್ ಗೋಡೆಯ ಕಡೆ ತಿರುಗಿಕೊಂಡರು.

ಅದೇ ಮಧ್ಯಾಹ್ನ ಹೋಲ್ಕಂಬನಿಗೆ ಫೋನ್ ಮಾಡಿದರು. ಅವನು ನೊಂದುಕೊಂಡ, ತನ್ನ ಕಡೆಯ ಜಾಗವೂ ಭರ್ತಿಯಾಗಿದೆ ಎಂದ. ಕ್ರಿಸ್ಮಸ್ ಮುಗಿಯುವ ತನಕ ಸ್ಟ್ರಿಕ್ಲೆಂಡ್ ಕಂಡಕಂಡವರ ಬಾಗಿಲು ತಟ್ಟಿದರು. ಭುಜದ ಸುದ್ದಿ ಅಷ್ಟರಲ್ಲಿ ಎಲ್ಲೆಡೆ ಹಬ್ಬಿತ್ತು. ಕೊನೆಗೆ ಟೆನೆಸ್ಸಿಯ ಬೆಟ್ಟಗಳ ನಡುವಿನ ಒಂದು ಸಣ್ಣ ಕಾಲೇಜು ಅರ್ಧ ಖರ್ಚು ಹೊರಲು ಒಪ್ಪಿತು. ಉಳಿದ ಅರ್ಧಕ್ಕೆ ವರ್ಲೀನ್ ಭಾನುವಾರವೂ ಕಾರ್ಖಾನೆಗೆ ಹೋಗತೊಡಗಿದಳು. ಚರ್ಚಿನಲ್ಲಿ ಅವಳ ಜಾಗ ಖಾಲಿ ಇರುವುದನ್ನು ಕೋಚ್ ವಾರವಾರವೂ ನೋಡುತ್ತಿದ್ದರು.

ಮನೆಯಲ್ಲಿ ಹಜಾರದ ಫೋಟೋ ತೆಗೆಯಲು ಹೋದಾಗ ಒಡೆಸ್ಸಾ ಬಿಡಲಿಲ್ಲ.

"ಅದು ಇರ್ಲಿ."

"ಅವನ ಮುಖ ನೋಡೋಕಾಗಲ್ಲ ನನಗೆ."

"ಫೋಟೋದಲ್ಲಿರೋನು ನಾನು ಅನ್ನ ಹಾಕಿ ಸಾಕಿದ ಹುಡುಗ. ಈಗಿರೋನು ಯಾರೋ ನನಗೆ ಗೊತ್ತಿಲ್ಲ ಲೆಮ್. ಬೇಕಾದ್ರೆ ನೀನೇ ಹಿತ್ತಲ ಬಾಗಿಲಿಂದ ಓಡಾಡು."

ವಸಂತದಲ್ಲಿ ಮಾರ್ಲಿನ್ ಮತ್ತೆ ಬಂದ. ಈ ಸಲ ಬೇಕಾದದ್ದು ಚೆಂಡು ಹಿಡಿಯುವ ಟ್ರೆವಾನ್ ಗಾಡ್ಬಿ ಎಂಬ ಹುಡುಗ. ಬಂದವರನ್ನು ಶಾಲೆಯೊಳಗೆ ಬಿಡುವುದಿಲ್ಲ ಎನ್ನಲು ಕೋಚ್‌ಗೆ ಅಧಿಕಾರವಿರಲಿಲ್ಲ. ಅವರು ಟ್ರೆವಾನನ ತಂದೆ ರೂಫಸ್‌ನನ್ನು ಕರೆಸಿ, ಅವನನ್ನೂ ಮಾರ್ಲಿನ್‌ನನ್ನೂ ಎದುರುಬದುರು ಕೂರಿಸಿದರು. ಮಾರ್ಲಿನ್ ನಗುತ್ತ ಕೈ ಚಾಚುವಷ್ಟರಲ್ಲಿ ಕೋಚ್ ಮಾತು ಶುರುಮಾಡಿದರು.

"ರೂಫಸ್, ಇವರು ಮಾತಾಡೋಕೆ ಮುಂಚೆ ನಾನೊಂದು ಹೇಳ್ಬೇಕು. ಇವರ ಎದುರೇ ಹೇಳ್ತೀನಿ. ತಪ್ಪಿದ್ರೆ ಇವರು ತಿದ್ದಲಿ."

ಪಾಠ ಹೇಳುವ ದನಿಯಲ್ಲಿ, ಏರಿಸದೆ ಇಳಿಸದೆ, ಸೆಪ್ಟೆಂಬರಿನಿಂದ ಡಿಸೆಂಬರಿನ ತನಕ ನಡೆದದ್ದನ್ನು ಹೇಳಿದರು. ಮಾರ್ಲಿನ್ ತಿದ್ದಲಿಲ್ಲ. ರೂಫಸ್ ಬೇಲಿ ಕೆಲಸದವನು, ಮಾತು ಕಮ್ಮಿ. ಎದ್ದು ಟೋಪಿ ಹಾಕಿಕೊಂಡು, "ನಮಗೆ ಇವರ ಹತ್ರ ಏನೂ ಕೆಲಸ ಇಲ್ಲ ಅನ್ಸುತ್ತೆ" ಎಂದು ಹೊರಟುಹೋದ.

ಮಾರ್ಲಿನ್ ಕಾರಿನ ತನಕ ನಡೆದು, ತಿರುಗಿ ನಿಂತ. ಹಿಂದೆಯೇ ಬಂದ ಕೋಚ್ ಮೆಟ್ಟಿಲ ಮೇಲಿದ್ದರು.

"ಬೇರೆ ಯಾರು ಮಾಡಿದ್ರೂ ತಡ್ಕೋತಿದ್ದೆ ಕೋಚ್. ನೀವೂ ಹೀಗೆ ನನ್ನ ಹೊಟ್ಟೆ ಮೇಲೆ ಹೊಡೀತೀರ ಅಂದ್ಕೊಂಡಿರ್ಲಿಲ್ಲ."

ಸ್ಟ್ರಿಕ್ಲೆಂಡ್ ಅವನನ್ನು ದಿಟ್ಟಿಸಿದರು. ಅವನು ನಿಜವಾಗಿಯೂ ನೊಂದಿದ್ದ, ಕಣ್ಣು ತುಂಬಿತ್ತು. ಎಲ್ಲಕ್ಕಿಂತ ಹೆಚ್ಚು ಅವರನ್ನು ಇರಿದದ್ದು ಅದೇ. ತಾನು ಮಾಡಿದ್ದು ಏನೆಂಬುದು ಅವನ ತಲೆಗೆ ಹೊಕ್ಕೇ ಇರಲಿಲ್ಲ. ತಮ್ಮ ಮನೆಯಲ್ಲಿ ಉಂಡು ಬೆಳೆದ ಆ ವರ್ಷಗಳಲ್ಲಿ ಅವನು ತಮ್ಮಿಂದ ಕಲಿತದ್ದೇನು ಎಂದು ಕೇಳಿಕೊಂಡರೆ, ಉತ್ತರವಾಗಿ ಇಸ್ತ್ರಿ ಮಾಡಿದ ಷರಟೊಂದೇ ಕಣ್ಣಿಗೆ ಕಾಣುತ್ತಿತ್ತು.

"ಹೋಗಿ ಬಾ," ಎಂದರು.

ಅಲ್ಲಿಂದಾಚೆಗೆ ಯಾವ ತಾಯಿ "ನೀವೇನಂತೀರ ಕೋಚ್?" ಎಂದು ಕೇಳಿದರೂ ಅವರು ಯಾರ ಪರವಾಗಿಯೂ ಮಾತಾಡಲಿಲ್ಲ. "ನನ್ನ ಕೇಳ್ಬೇಡಿ. ಅವರನ್ನೇ ಕೇಳಿ, ಇನ್ನೊಂದ್ ಸಲ ಕೇಳಿ" ಎನ್ನುತ್ತಿದ್ದರು. ಹಿಂದಿನ ಸ್ಟ್ರಿಕ್ಲೆಂಡ್ ಅಲ್ಲ ಇವರು ಎಂದು ಊರವರು ಅಂದುಕೊಂಡರು. ಅದು ನಿಜವೂ ಆಗಿತ್ತು.

ಜಮಾರಿಯ ಎರಡನೆಯ ವರ್ಷದ ಶರತ್ಕಾಲದಲ್ಲಿ ಒಂದು ಶನಿವಾರ, ಕೋಚ್ ಯಾರಿಗೂ ಹೇಳದೆ ಟೆನೆಸ್ಸಿಗೆ ಕಾರು ಓಡಿಸಿಕೊಂಡು ಹೋದರು. ಸಣ್ಣ ಮೈದಾನ, ಮರದ ಬೆಂಚುಗಳು, ಅರ್ಧಕ್ಕರ್ಧ ಖಾಲಿ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಜಮಾರಿ ಎಡಮಗ್ಗುಲಲ್ಲಿ ನಿಂತಿದ್ದ. ಅವನನ್ನು ಯಾರೂ ದಾಟುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ವರ್ಲೀನ್ ಕೂತಿದ್ದಳು. ಬಸ್ಸಿನಲ್ಲಿ ಬಂದಿರಬೇಕು, ಪಕ್ಕದ ಜಾಗದಲ್ಲಿ ಚೀಲವಿತ್ತು. ಮೆಟ್ಟಿಲ ಸದ್ದಿಗೆ ತಿರುಗಿ ಅವರನ್ನು ನೋಡಿದಳು.

"ಬಂದ್ರಾ," ಎಂದಳು.

"ಬಂದೆ."

"ಓದ್ತಾನೂ ಇದ್ದಾನೆ. ಚೆನ್ನಾಗೇ ಓದ್ತಾನೆ."

ಕೋಚ್ ಇನ್ನೇನಾದರೂ ಹೇಳಿಯಾಳೆಂದು ನಿಂತರು. ಅವಳು ಮೈದಾನದ ಕಡೆ ತಿರುಗಿದಳು. ಚೀಲವನ್ನು ಆಚೆ ಸರಿಸಲಿಲ್ಲ. ಅವರು ಕೆಲವು ಸಾಲು ಮೇಲಕ್ಕೆ ಹತ್ತಿ, ಒಬ್ಬರೇ ಕೂತು, ಪಂದ್ಯವನ್ನು ಕೊನೆಯವರೆಗೂ ನೋಡಿದರು.